ಮೊದಲ ಸಾವಿರ ಕಿಲೋಮೀಟರ್

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕರೆ ಸಾಕು, ನಮ್ಮ ತಿ. ನರಸೀಪುರದ ಕಡೆಯ ಅನೇಕ ಹುಡುಗರ ಮೊದಲ ಸಾಲ ಬೈಕಿಗೆ. ಷೋರೂಮಿನಿಂದ ಹೊರಬಂದ ದಿನವೇ ಅದರ ಟಾಪ್ ಸ್ಪೀಡ್ ನೋಡುವ ಆತುರ. ಅದು ಬೇಡ ಎನ್ನುತ್ತೇನೆ ನಾನು.

ಹೊಸ ಎಂಜಿನ್‌ನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರ್ ಗೋಡೆಗೆ ಇನ್ನೂ ಹೊಂದಿಕೊಂಡಿರುವುದಿಲ್ಲ. ಅವು ಸರಿಯಾಗಿ ಕೂರದಿದ್ದರೆ ಆಯಿಲ್ ಮೇಲೇರಿ ಪೆಟ್ರೋಲ್ ಜೊತೆ ಉರಿಯುತ್ತದೆ. ಆದ್ದರಿಂದ ಮೊದಮೊದಲು ಪೂರ್ತಿ ಆಕ್ಸಿಲರೇಟರ್ ತಿರುವಬಾರದು. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಲೂಬಾರದು. ವೇಗ ಏರಿಸುತ್ತ, ಇಳಿಸುತ್ತ, ಗೇರ್ ಬದಲಿಸುತ್ತ ಓಡಿಸಬೇಕು. ಎಷ್ಟು ದೂರದವರೆಗೆ, ಎಷ್ಟು ವೇಗ ಎಂಬುದು ಬೈಕಿನ ಕೈಪಿಡಿಯಲ್ಲೇ ಇರುತ್ತದೆ. ಮೊದಲ ಸರ್ವೀಸ್ ತಪ್ಪಿಸಬೇಡಿ. ಸವೆದ ಲೋಹದ ಪುಡಿ ಹಳೆಯ ಆಯಿಲ್ ಜೊತೆ ಹೊರಹೋಗುವುದು ಆಗಲೇ.

1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಟೂ ಸ್ಟ್ರೋಕ್ ಬೈಕುಗಳಿಗೆ ಪೆಟ್ರೋಲಿಗೇ ಆಯಿಲ್ ಬೆರೆಸಬೇಕಿತ್ತು. ಹೊಗೆ ಅವುಗಳ ಸ್ವಭಾವ. ಇಂದಿನ ಫೋರ್ ಸ್ಟ್ರೋಕ್ ಬೈಕಿನಲ್ಲಿ ನೀಲಿ ಹೊಗೆ ಬಂದರೆ ಅದು ಕಾಯಿಲೆಯ ಲಕ್ಷಣ.

ಗೆಳೆಯರೇ, ತಿಂಗಳ ಕಂತಿನ ತಾರೀಖು ನೆನಪಿಡುವ ನಾವು ವಾರಕ್ಕೊಮ್ಮೆ ಆಯಿಲ್ ಮಟ್ಟವನ್ನೂ ನೋಡೋಣ. ಆಯಿಲ್ ಕಡಿಮೆಯಾಗಿ ಎಂಜಿನ್ ಸೀಜ್ ಆದರೆ ಕಂತು ನಿಲ್ಲುವುದಿಲ್ಲ, ಕೆಲಸಕ್ಕೆ ಹೋಗಲು ಗಾಡಿಯೂ ಇರುವುದಿಲ್ಲ.