ಸೀಟು ಇದೆ, ದಾರಿ ಎಲ್ಲಿ?



ನೀರಾವರಿ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠವೆಂದರೆ, ಮುಖ್ಯ ಕಾಲುವೆ ತುಂಬಿ ಹರಿದರೂ ಹೊಲಗಾಲುವೆ ಇಲ್ಲದಿದ್ದರೆ ಕೊನೆಯ ರೈತನ ಪೈರು ಒಣಗುತ್ತದೆ. ನಿವೃತ್ತನಾಗಿ ಅಂಬಲಪಾಡಿಗೆ ಬಂದ ಮೇಲೆ ಅದೇ ಪಾಠ ಮತ್ತೊಮ್ಮೆ ಕಣ್ಣಿಗೆ ಬಿತ್ತು.

ಕಳೆದ ವರ್ಷ ಇಲ್ಲಿಗೆ ಹತ್ತಿರದ ಕೊರಗ ಕುಟುಂಬದ ಹುಡುಗಿಯೊಬ್ಬಳು ವಿಜ್ಞಾನ ವಿಭಾಗದಲ್ಲಿ ಪಿಯುಸಿ ಮುಗಿಸಿದಳು. ನರ್ಸಿಂಗ್ ಓದುವ ಆಸೆ. ಸಿಇಟಿಯನ್ನೂ ಬರೆದಿದ್ದಳು. ಆದರೆ ಅರ್ಜಿಯಲ್ಲಿದ್ದ ಮೊಬೈಲ್ ಸಂಖ್ಯೆ ಸೈಬರ್ ಅಂಗಡಿಯವನದು. ಆಪ್ಷನ್ ಎಂಟ್ರಿಯ ಸಂದೇಶ ಅವನಿಗೆ ಹೋಯಿತು, ಅವಳಿಗೆ ತಲುಪಲಿಲ್ಲ. ರ್‍ಯಾಂಕ್ ಬಂದರೆ ಕಾಲೇಜಿನವರೇ ಕರೆಯುತ್ತಾರೆ ಎಂದು ಮನೆಯವರು ಕಾಯುತ್ತಿದ್ದರು. "ಯಾರನ್ನು ಕೇಳಬೇಕಂತ ಗೊತ್ತಾಗಲಿಲ್ಲ ಸರ್" ಎಂದರು ಅವಳ ತಂದೆ. ಒಂದು ವರ್ಷ ಹೋಯಿತು.

ಇಲ್ಲಿ ಸೀಟಿನ ಕೊರತೆ ಇರಲಿಲ್ಲ. ರಾಜ್ಯದಲ್ಲಿ ಪರಿಶಿಷ್ಟ ಪಂಗಡದ ಮೀಸಲಾತಿ 2022ರಲ್ಲಿ ಶೇ. 3ರಿಂದ 7ಕ್ಕೆ ಏರಿದೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ, ಉಡುಪಿಯಲ್ಲಿ ಐಟಿಡಿಪಿ ಕಚೇರಿಯಿದೆ. ಆದರೆ ಆ ಶೇ. 7ರಲ್ಲಿ ಸಂಖ್ಯೆಯಲ್ಲಿ ದೊಡ್ಡದಾದ ಸಮುದಾಯಗಳೂ ಇವೆ. ಕೊರಗರು ಮತ್ತು ಜೇನು ಕುರುಬರು ಮಾತ್ರ ನಮ್ಮ ರಾಜ್ಯದಲ್ಲಿ ವಿಶೇಷವಾಗಿ ದುರ್ಬಲ ಬುಡಕಟ್ಟುಗಳೆಂದು ಗುರುತಿಸಲ್ಪಟ್ಟವರು. ಕೊರಗರ ಮೇಲೆ ಹೇರಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ರಲ್ಲಿ ಪ್ರತ್ಯೇಕ ಕಾನೂನೇ ಬೇಕಾಯಿತು. ಅಂಥ ಮನೆಯಿಂದ ಬಂದ ಮಗುವಿಗೆ ಜಾತಿ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಶುಲ್ಕದ ಗಡುವು ಇವನ್ನೆಲ್ಲ ಹೇಳಿಕೊಡುವ ಅಣ್ಣ ಅಕ್ಕಂದಿರು ಮನೆಯಲ್ಲಿ ಇರುವುದಿಲ್ಲ.

ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಅಲ್ಲಿನ ಮೂಲನಿವಾಸಿ ವಿದ್ಯಾರ್ಥಿಗಳಿಗೆಂದೇ 'ಮುರ್ರಪ್ ಬರಾಕ್' ಎಂಬ ಕೇಂದ್ರವಿದೆ. ವಿದ್ಯಾರ್ಥಿಯ ಬೆನ್ನಿಗೆ ನಿಲ್ಲುವುದೇ ಅದರ ಕೆಲಸ. ನಮಗೆ ಇದು ಹೊಸದೇ? ನಾನು ಧಾರವಾಡದ ಕಡೆಯ ಹಳ್ಳಿಯವನು. ಮಠದ ಉಚಿತ ಪ್ರಸಾದ ನಿಲಯದಲ್ಲಿದ್ದು ಬಿ.ಇ. ಓದಿದೆ. ನನ್ನ ಅರ್ಜಿ ತುಂಬಿದವನು ನಿಲಯದ ಹಿರಿಯ ವಿದ್ಯಾರ್ಥಿ, ಜೊತೆಗೆ ಬಂದು ಕಾಲೇಜು ತೋರಿಸಿದವನೂ ಅವನೇ. ಸಿದ್ಧಗಂಗೆಯ ತ್ರಿವಿಧ ದಾಸೋಹ ಜಾತಿ ಕೇಳದೆ ಎಷ್ಟೋ ಮಕ್ಕಳನ್ನು ಬೆಳೆಸಿದೆ. ಆ ಅನುಭವ ಕರಾವಳಿಯ ಈ ಮಕ್ಕಳಿಗೂ ಸಿಗಬೇಕು.

ನನ್ನ ಬಿನ್ನಹ ಮೂರು. ಪಟ್ಟಣಗಳಲ್ಲಿರುವ ನಮ್ಮ ಪ್ರತಿ ಪ್ರಸಾದ ನಿಲಯ ಕೊರಗ ಮತ್ತು ಜೇನು ಕುರುಬ ಮಕ್ಕಳಿಗೆ ಎರಡು ಸ್ಥಾನ ಕಾಯ್ದಿರಿಸಲಿ. ಅವರ ನಂಬಿಕೆ, ಆಚಾರ ಅವರದೇ ಆಗಿರಲಿ. ನಮ್ಮ ಸಂಸ್ಥೆಗಳ ಕಾಲೇಜುಗಳು ವಿದ್ಯಾರ್ಥಿವೇತನ ಬರುವ ತನಕ ಅವರಿಂದ ಶುಲ್ಕ ಕೇಳದಿರಲಿ. ನಿವೃತ್ತರಾದ ನಾವು, ಸಿಇಟಿ ಅರ್ಜಿ ಹಾಕುವ ದಿನದಿಂದ ತರಗತಿ ಆರಂಭವಾಗುವ ತನಕ ತಲಾ ಒಂದು ಮಗುವಿನ ಜೊತೆ ನಿಲ್ಲೋಣ.

ಬುಟ್ಟಿ ಹೆಣೆಯುವುದು ಕೊರಗರ ಕಾಯಕ. ಬಿದಿರಿನ ಕಾಯಕದ ಮೇದಾರ ಕೇತಯ್ಯನವರು ಕಲ್ಯಾಣದ ಶರಣರಲ್ಲೊಬ್ಬರು. ಅವರ ಹೆಸರು ಹೇಳುವ ನಾವು ಬುಟ್ಟಿ ಹೆಣೆಯುವವರ ಮಗಳನ್ನು ಕಾಲೇಜಿನ ಬಾಗಿಲ ತನಕವಾದರೂ ಕರೆದೊಯ್ಯಬೇಡವೇ?

ಆ ಹುಡುಗಿಯ ಈ ವರ್ಷದ ಅರ್ಜಿಯಲ್ಲಿ ನನ್ನ ಮೊಬೈಲ್ ಸಂಖ್ಯೆಯೂ ಇದೆ. ನಿಮ್ಮ ಸಂಖ್ಯೆಗಾಗಿಯೂ ಒಂದು ಮಗು ಕಾಯುತ್ತಿದೆ.