ಬೈತಲೆಯ ಬಿಳಿಗೆರೆ

ಭಾನುವಾರದ ಬೆಳಿಗ್ಗೆ ನಮ್ಮ ಊರುಗಳ ಎಷ್ಟೋ ಮನೆಗಳಲ್ಲಿ ಒಂದು ರಾಸಾಯನಿಕ ಪ್ರಯೋಗವು ನಡೆಯುತ್ತದೆ. ಬಚ್ಚಲುಮನೆಯೇ ಪ್ರಯೋಗಶಾಲೆ, ಹಳೆಯದೊಂದು ಪ್ಲಾಸ್ಟಿಕ್ ಬಟ್ಟಲು, ಒಂದು ಕುಂಚ, ಇಷ್ಟೇ ಉಪಕರಣಗಳು. ಮುಂದೆ ತಾಯಿಯು ಕುಳಿತಿರುವಳು. ಹಿಂದೆ ನಿಂತು ಬೈತಲೆಯನ್ನು ಬಿಡಿಸಿ ಬಣ್ಣ ಬಳಿಯುತ್ತಿರುವವರು ಅನೇಕ ವೇಳೆ ಪ್ರೌಢಶಾಲೆಯಲ್ಲಿಯೋ ಕಾಲೇಜಿನಲ್ಲಿಯೋ ಓದುತ್ತಿರುವ ಮಗಳು ಅಥವಾ ಮಗ. ಪಾರ್ಲರಿಗೆ ಹೋಗಿಬಂದು ಮೂರು ವಾರ ಕಳೆಯುವಷ್ಟರಲ್ಲಿ ಬೈತಲೆಯ ಇಕ್ಕೆಲಗಳಲ್ಲಿಯೂ ಬಿಳಿಯ ಗೆರೆಯು ಮೂಡಿರುತ್ತದೆ. ಮತ್ತೆ ಹೋಗಲು ಹಣವಿಲ್ಲ, ಇಲ್ಲವೆ ಬಿಡುವಿಲ್ಲ. ನಾಳೆಯೇ ನೆಂಟರ ಮನೆಯ ಮದುವೆ. ಆದುದರಿಂದ ಬುಡಕ್ಕಷ್ಟು ಬಣ್ಣವನ್ನು ಮನೆಯಲ್ಲಿಯೇ ಹಚ್ಚುವುದೆಂದು ನಿಶ್ಚಯವಾಗುತ್ತದೆ.

ಇದು ಕೂಡದೆಂಬುದು ನಮ್ಮ ಅಭಿಪ್ರಾಯವಲ್ಲ. ಆದರೆ ತರಗತಿಯಲ್ಲಿ ಒಂದು ಹನಿ ಆಮ್ಲವನ್ನು ಮುಟ್ಟಬೇಕಾದರೂ ಎಚ್ಚರಿಕೆಯಿಂದಿರುವ ವಿದ್ಯಾರ್ಥಿಯು ತಾಯಿಯ ತಲೆಯ ಮೇಲೆ ಪ್ರಯೋಗ ಮಾಡುವಾಗ ಆ ಎಚ್ಚರಿಕೆಯನ್ನು ಏಕೆ ಮರೆಯಬೇಕು? ಕುಂಚವನ್ನು ಹಿಡಿದವರಿಗೆ ಅದರ ವಿಜ್ಞಾನವೂ ತಿಳಿದಿರತಕ್ಕುದು ಎಂಬುದೇ ನಮ್ಮ ವಾದ.

ಮೊದಲು ಈ ಬಿಳಿಗೆರೆಯು ಹೇಗೆ ಉಂಟಾಗುವುದೆಂಬುದನ್ನು ನೋಡೋಣ. ನಮ್ಮ ಕಣ್ಣಿಗೆ ಕಾಣುವ ಕೂದಲು ಜೀವವಿಲ್ಲದ ವಸ್ತು. ಕೆರಾಟಿನ್ ಎಂಬ ಪ್ರೋಟೀನಿನಿಂದಾದ ಎಳೆ. ಜೀವವಿರುವುದು ಚರ್ಮದೊಳಗಿನ ರೋಮಕೂಪದಲ್ಲಿ. ಅಲ್ಲಿರುವ ವರ್ಣಕೋಶಗಳು ಮೆಲನಿನ್ ಎಂಬ ಬಣ್ಣದ ಕಣಗಳನ್ನು ತಯಾರಿಸಿ, ಬೆಳೆಯುತ್ತಿರುವ ಎಳೆಯೊಳಕ್ಕೆ ತುಂಬುತ್ತವೆ. ವಯಸ್ಸಾದಂತೆಲ್ಲ ಈ ವರ್ಣಕೋಶಗಳನ್ನು ಹೊಸದಾಗಿ ಒದಗಿಸುವ ಮೂಲಕೋಶಗಳ ಸಂಗ್ರಹವು ಬರಿದಾಗುತ್ತದೆ. ಎಳೆಯು ಬಣ್ಣವಿಲ್ಲದೆಯೇ ಹೊರಬರುತ್ತದೆ. ಇದೇ ನರೆ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದು. ಎಂತಹ ಉತ್ತಮ ಬಣ್ಣವನ್ನು ಹಚ್ಚಿದರೂ ಅದು ಹೊರಗಿರುವ ಎಳೆಗೆ ಅಂಟುವುದೇ ಹೊರತು ರೋಮಕೂಪಕ್ಕೆ ಹೊಸ ಪಾಠವನ್ನು ಕಲಿಸಲಾರದು. ಆದುದರಿಂದ ಗೆರೆಯು ಮರಳಿ ಬರುವುದು ಬಣ್ಣದ ದೋಷವಲ್ಲ, ಪ್ರಕೃತಿಯ ಗಣಿತ.

ಇನ್ನು ಬಣ್ಣದ ವಿಚಾರ. ಬಹುಕಾಲ ನಿಲ್ಲುವ ಬಣ್ಣಗಳಲ್ಲಿ ಹೆಚ್ಚಿನವುಗಳಿಗೆ ಆಧಾರವು ಪ್ಯಾರಾ-ಫೆನಿಲೀನ್ ಡೈಅಮೀನ್ ಎಂಬ ವಸ್ತು ಅಥವಾ ಅದರ ಬಂಧುಗಳು. 19ನೆಯ ಶತಮಾನದಲ್ಲಿ ರಸಾಯನಶಾಸ್ತ್ರಜ್ಞರ ಕೈಗೆ ಬಂದ ಈ ವಸ್ತುವಿನಿಂದ ಕೂದಲಿಗೆ ಬಣ್ಣ ಹಾಕುವ ವಿಧಾನಕ್ಕೆ 1883ರಲ್ಲಿಯೇ ಪೇಟೆಂಟ್ ದೊರೆಯಿತು. 1907ರಲ್ಲಿ ಫ್ರಾನ್ಸಿನ ಯೂಜೆನ್ ಶ್ಯುಲೇರ್ ಎಂಬ ತರುಣ ರಸಾಯನಶಾಸ್ತ್ರಜ್ಞನು ಕೂದಲ ಬಣ್ಣವೊಂದನ್ನು ತಯಾರಿಸಿ ಪ್ಯಾರಿಸ್ಸಿನ ಕೇಶಾಲಂಕಾರದವರಿಗೆ ಮಾರತೊಡಗಿದನು. ಅವನು 1909ರಲ್ಲಿ ಸ್ಥಾಪಿಸಿದ ಸಂಸ್ಥೆಯೇ ಮುಂದೆ ಲೊರಿಯಾಲ್ ಎಂದು ಹೆಸರಾಯಿತು.

ಪೆಟ್ಟಿಗೆಯೊಳಗೆ ಎರಡು ಕೊಳವೆಗಳಿರುವುದಕ್ಕೆ ಕಾರಣವುಂಟು. ಒಂದರಲ್ಲಿ ಬಣ್ಣದ ಪೂರ್ವವಸ್ತುಗಳೂ ಅಮೋನಿಯಾದಂತಹ ಕ್ಷಾರವೂ ಇರುವುವು. ಇನ್ನೊಂದರಲ್ಲಿ ಹೈಡ್ರೊಜನ್ ಪೆರಾಕ್ಸೈಡ್. ಕ್ಷಾರವು ಎಳೆಯನ್ನು ಉಬ್ಬಿಸಿ, ಹೆಂಚಿನಂತೆ ಒಂದರ ಮೇಲೊಂದು ಹೊದ್ದುಕೊಂಡಿರುವ ಅದರ ಹೊರಪದರದ ಬಿಲ್ಲೆಗಳನ್ನು ಸಡಿಲಗೊಳಿಸುತ್ತದೆ. ಬಣ್ಣವಿಲ್ಲದ ಸಣ್ಣ ಅಣುಗಳು ಆ ಸಂದುಗಳಲ್ಲಿ ಒಳನುಗ್ಗುತ್ತವೆ. ಪೆರಾಕ್ಸೈಡು ಅವುಗಳನ್ನು ಆಕ್ಸೀಕರಿಸುವುದು. ಅವು ಪರಸ್ಪರ ಕೂಡಿ ದೊಡ್ಡ ಬಣ್ಣದ ಅಣುಗಳಾಗಿ, ಬಂದ ದಾರಿಯಲ್ಲಿ ಹಿಂದಿರುಗಲಾರದೆ ಒಳಗೇ ಸಿಕ್ಕಿಬೀಳುವುವು. ಬಣ್ಣವು ನೀರಿಗೆ ತೊಳೆದುಹೋಗದಿರುವ ರಹಸ್ಯವು ಇದೇ. ‘ಅಮೋನಿಯಾ ಇಲ್ಲ’ ಎಂದು ಬರೆದ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಎಥನಾಲ್ ಅಮೀನ್ ಎಂಬ ಬೇರೊಂದು ಕ್ಷಾರವಿರುತ್ತದೆ. ವಾಸನೆ ಕಡಮೆಯಾದ ಮಾತ್ರಕ್ಕೆ ರಸಾಯನವೇ ಇಲ್ಲವಾಯಿತೆಂದು ಭಾವಿಸಲಾಗದು.

ಇದರಿಂದ ನಾವು ಮೊದಲನೆಯ ತೀರ್ಮಾನಕ್ಕೆ ಬರಬಹುದು: ಬಣ್ಣವನ್ನು ಬುಡಕ್ಕೆ ಮಾತ್ರ ಹಚ್ಚತಕ್ಕುದು. ಒಂದು ಲೆಕ್ಕವನ್ನು ಮಾಡಿರಿ. ಕೂದಲು 30 ಸೆಂಟಿಮೀಟರ್ ಉದ್ದವಿದ್ದರೆ ಅದರ ತುದಿಗೆ ಸುಮಾರು 30 ತಿಂಗಳ ವಯಸ್ಸು. ಪ್ರತಿ ತಿಂಗಳೂ ಬುಡದಿಂದ ತುದಿಯವರೆಗೆ ಬಣ್ಣವನ್ನು ಎಳೆಯುವ ಮನೆಯಲ್ಲಿ ಆ ತುದಿಯು ಕ್ಷಾರವನ್ನೂ ಪೆರಾಕ್ಸೈಡನ್ನೂ 30 ಸಲ ಕುಡಿದಿರುತ್ತದೆ! ಸತ್ತ ಎಳೆಯು ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳಲಾರದು. ಒರಟಾಗಿ, ಸೀಳಿ, ತುಂಡಾಗುತ್ತದೆ. ಬಟ್ಟಲಿನಲ್ಲಿ ಬಣ್ಣ ಮಿಕ್ಕಿತೆಂದು ಉಳಿದ ಕೂದಲಿಗೆಲ್ಲ ಸವರುವುದು ಉಳಿತಾಯವಲ್ಲ. ಅದನ್ನು ಮುಚ್ಚಳ ಬಿಗಿದು ಮುಂದಿನ ತಿಂಗಳಿಗೆ ಇಡುವುದಂತೂ ಅಪಾಯ. ಪೆರಾಕ್ಸೈಡಿನಿಂದ ಬಿಡುಗಡೆಯಾಗುವ ಆಮ್ಲಜನಕದ ಒತ್ತಡಕ್ಕೆ ಸೀಸೆಯು ಸಿಡಿಯಬಹುದು. ಬೇಕಾದಷ್ಟನ್ನೇ ಕಲಸಿ, ಮಿಕ್ಕುದನ್ನು ಚೆಲ್ಲಿಬಿಡುವುದೇ ಸರಿ.

ಎರಡನೆಯ ವಿಷಯವು ಇದಕ್ಕಿಂತಲೂ ಗುರುತರವಾದುದು. ಪ್ಯಾರಾ-ಫೆನಿಲೀನ್ ಡೈಅಮೀನ್ ಕೆಲವರ ದೇಹಕ್ಕೆ ಒಗ್ಗುವುದಿಲ್ಲ. ತುರಿಕೆ, ನೀರುಗುಳ್ಳೆ, ಕಣ್ಣು ಮುಚ್ಚಿಹೋಗುವಷ್ಟು ಮುಖದ ಬಾವು ಉಂಟಾಗಬಹುದು. ಹತ್ತು ವರ್ಷ ನಿರಾತಂಕವಾಗಿ ಬಳಸಿದವರಿಗೂ ಹನ್ನೊಂದನೆಯ ವರ್ಷ ಇದು ತಲೆದೋರಬಹುದು. ಏಕೆಂದರೆ ದೇಹದ ರಕ್ಷಣಾ ವ್ಯವಸ್ಥೆಯು ಒಂದು ವಸ್ತುವನ್ನು ಶತ್ರುವೆಂದು ಗುರುತು ಹಿಡಿಯುವುದು ಅನೇಕ ವೇಳೆ ಮತ್ತೆ ಮತ್ತೆ ಕಂಡಮೇಲೆ. ಅಮೆರಿಕದಲ್ಲಿ 1933ರ ಸುಮಾರಿನಲ್ಲಿ ‘ಲ್ಯಾಷ್ ಲ್ಯೂರ್’ ಎಂಬ ರೆಪ್ಪೆಯ ಬಣ್ಣವು ಮಾರಾಟವಾಗುತ್ತಿತ್ತು. ಅದರಲ್ಲಿದ್ದುದು ಈ ಬಗೆಯ ಬಣ್ಣವೇ. ಅದನ್ನು ಹಚ್ಚಿಕೊಂಡ ಕೆಲವು ಮಹಿಳೆಯರ ಕಣ್ಣಿಗೆ ಘೋರವಾದ ಹಾನಿಯಾಯಿತು. ದೃಷ್ಟಿಯನ್ನು ಕಳೆದುಕೊಂಡವರೂ ಉಂಟು. ಅಲ್ಲಿ 1938ರಲ್ಲಿ ಸೌಂದರ್ಯವಸ್ತುಗಳಿಗೂ ಅನ್ವಯಿಸುವ ಕಾನೂನು ಬರಲು ಇಂತಹ ದುರಂತಗಳೂ ಕಾರಣವಾದುವು. ನಮ್ಮ ದೇಶದ ನಿಯಮಗಳೂ ಇಂತಹ ಬಣ್ಣದ ಪೆಟ್ಟಿಗೆಯ ಮೇಲೆ ಎಚ್ಚರಿಕೆಯಿರಬೇಕೆಂದು ವಿಧಿಸುತ್ತವೆ: ಮೊದಲು ಚರ್ಮದ ಮೇಲೆ ಪರೀಕ್ಷಿಸಬೇಕು, ಹುಬ್ಬಿಗಾಗಲಿ ರೆಪ್ಪೆಗಾಗಲಿ ಎಂದೆಂದಿಗೂ ಹಚ್ಚಕೂಡದು.

ಈ ಪರೀಕ್ಷೆಯು ಬಹು ಸುಲಭ. ಕಿವಿಯ ಹಿಂದೆಯೋ ಮುಂಗೈಯ ಒಳಭಾಗದಲ್ಲಿಯೋ ತೊಳೆದು ಒರಸಿದ ಜಾಗಕ್ಕೆ ಬಣ್ಣವನ್ನು ಚುಕ್ಕೆಯಷ್ಟು ಹಚ್ಚಿ, ಪೆಟ್ಟಿಗೆಯೊಳಗಿನ ಸೂಚನೆಯಂತೆ ಕಾದು ನೋಡುವುದು. ಒಂದು ದಿನ ಸಾಕೆಂದು ಕೆಲವರ ಹೇಳಿಕೆ. ಎರಡು ದಿನ ಕಾಯುವುದೇ ವಿವೇಕವೆಂದು ನಮ್ಮ ಮತ. ಏಕೆಂದರೆ ಈ ತೆರನಾದ ಅಲರ್ಜಿಯು ನಿಧಾನವಾಗಿ, ಎಷ್ಟೋ ವೇಳೆ 48 ಗಂಟೆಗಳ ಅನಂತರ, ಪ್ರಕಟವಾಗುತ್ತದೆ. ಗುರುವಾರ ಚುಕ್ಕೆ ಇಟ್ಟರೆ ಭಾನುವಾರ ಬಣ್ಣ ಹಚ್ಚಬಹುದು. ಇದನ್ನು ಪ್ರತಿ ಸಲವೂ ಮಾಡಬೇಕೆಂಬುದೂ ಸೂಚನೆಯಲ್ಲಿಯೇ ಇದೆ. ‘ಅಮ್ಮ ಎಷ್ಟೋ ವರ್ಷದಿಂದ ಹಚ್ಚಿಕೊಳ್ಳುತ್ತಿದ್ದಾಳೆ, ಏನೂ ಆಗಿಲ್ಲ’ ಎಂಬುದು ಪರೀಕ್ಷೆಯಲ್ಲ, ಧೈರ್ಯ ಮಾತ್ರ. ಹಿಂದೆ ಒಮ್ಮೆ ಬಾವು ಬಂದಿದ್ದವರಂತೂ ಮನೆಯಲ್ಲಿ ಪರೀಕ್ಷೆಯ ಗೋಜಿಗೂ ಹೋಗದೆ ಚರ್ಮವೈದ್ಯರನ್ನು ಕಾಣತಕ್ಕುದು.

‘ನಾವು ರಾಸಾಯನಿಕವನ್ನು ಮುಟ್ಟುವುದಿಲ್ಲ, ಕಪ್ಪು ಮೆಹಂದಿಯನ್ನೇ ಹಚ್ಚುತ್ತೇವೆ’ ಎನ್ನುವವರಿಗೆ ಒಂದು ಮಾತು. ಗೋರಂಟಿಯ ಎಲೆಯಲ್ಲಿರುವ ಲಾಸೋನ್ ಎಂಬ ವಸ್ತುವು ಕೆಂಪು-ಕಿತ್ತಳೆಯ ಬಣ್ಣವನ್ನು ಕೊಡುವುದೇ ಹೊರತು ಕಪ್ಪನ್ನು ಕೊಡಲಾರದು. ಗೋರಂಟಿಯ ಮೇಲೆ ನೀಲಿ ಗಿಡದ ಎಲೆಯ ಪುಡಿಯನ್ನು ಹಚ್ಚಿ ಗಂಟೆಗಟ್ಟಲೆ ಕಾದರೆ ಕಪ್ಪು ಛಾಯೆಯು ಬರುವುದು ನಿಜ. ಆದರೆ ಅರ್ಧ ಗಂಟೆಯಲ್ಲಿ ಕಾಡಿಗೆಯಂತಹ ಕಪ್ಪನ್ನು ಕೊಡುವ ಪುಡಿಯಲ್ಲಿ ಬಹುಮಟ್ಟಿಗೆ ಸೇರಿರುವುದು ಮೇಲೆ ಹೇಳಿದ ಪ್ಯಾರಾ-ಫೆನಿಲೀನ್ ಡೈಅಮೀನೇ. ಪೆಟ್ಟಿಗೆಯ ಮುಂಭಾಗದ ಎಲೆಯ ಚಿತ್ರವನ್ನು ಬಿಟ್ಟು ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಿರಿ. ಜಾತ್ರೆಗಳಲ್ಲಿಯೂ ಕಡಲ ತೀರಗಳಲ್ಲಿಯೂ ತೋಳಿನ ಮೇಲೆ ಬರೆಸಿಕೊಳ್ಳುವ ‘ಕಪ್ಪು ಮೆಹಂದಿ’ಯ ಹಚ್ಚೆಯೂ ಅನೇಕ ವೇಳೆ ಇದೇ. ಹದಿನೈದರ ವಯಸ್ಸಿನಲ್ಲಿ ವಿನೋದಕ್ಕಾಗಿ ಬರೆಸಿಕೊಂಡ ಚಿತ್ರವು, ನಲವತ್ತರಲ್ಲಿ ನರೆಗೆ ಬಣ್ಣ ಹಚ್ಚುವ ದಿನ ಮುಖವೆಲ್ಲ ಬಾತುಕೊಳ್ಳಲು ಬೀಜವಾಗಬಹುದು. ತರುಣ ವಾಚಕರು ಇದನ್ನು ವಿಶೇಷವಾಗಿ ಗಮನಿಸಬೇಕು.

ಉಳಿದ ಮಾತುಗಳು ಸಣ್ಣವು. ಕೈಗವಸು ಹಚ್ಚುವವರಿಗೂ ಬೇಕು, ಮುಂದಲೆಯ ಅಂಚಿಗೆ ವ್ಯಾಸಲೀನ್ ಸವರಿದರೆ ಹಣೆಯ ಮೇಲೆ ಕಲೆಯಾಗದು, ಲೋಹದ ಪಾತ್ರೆ ಬೇಡ, ಕಿಟಕಿಯು ತೆರೆದಿರಲಿ, ಕಾಲವನ್ನು ಅಂದಾಜಿನಿಂದಲ್ಲ, ಗಡಿಯಾರದಿಂದ ಅಳೆಯಿರಿ, ಪೆಟ್ಟಿಗೆಯನ್ನು ಮಕ್ಕಳ ಕೈಗೆ ಸಿಕ್ಕದಂತೆ ಇಡಿರಿ. ಒಂದೇ ದಿನದ ಮದುವೆಗಾದರೆ ಮುಂದಿನ ಸ್ನಾನಕ್ಕೆ ತೊಳೆದುಹೋಗುವ ಬಣ್ಣದ ಕಡ್ಡಿಯೋ ಪುಡಿಯೋ ಸಾಕು. ಅದು ಎಳೆಯ ಮೇಲೆ ಕುಳಿತಿರುವುದೇ ಹೊರತು ಒಳಗೆ ಇಳಿಯದು.

ಕೊನೆಯದಾಗಿ, ನರೆಯು ರೋಗವಲ್ಲ, ಅಪರಾಧವೂ ಅಲ್ಲ. ಬಣ್ಣ ಹಚ್ಚಿಕೊಳ್ಳುವವರನ್ನು ಹಾಸ್ಯ ಮಾಡುವುದೂ, ಹಚ್ಚಿಕೊಳ್ಳದವರನ್ನು ‘ಮುದುಕಿಯಾದೆಯಲ್ಲ’ ಎಂದು ಕುಟುಕುವುದೂ ಸಮಾನವಾಗಿ ಅವಿವೇಕ. ಬೈತಲೆಯ ಆ ಗೆರೆಯನ್ನು ಉಳಿಸಿಕೊಳ್ಳುವುದೋ ಮರೆಮಾಡುವುದೋ ತಾಯಿಯ ಇಷ್ಟಕ್ಕೆ ಸೇರಿದ ವಿಷಯ. ಆಕೆಯು ‘ಹಚ್ಚು’ ಎಂದಮೇಲೆ, ಕುಂಚವನ್ನು ಅದ್ದುವುದಕ್ಕೆ ಎರಡು ದಿನ ಮೊದಲೇ ಆಕೆಯ ಮುಂಗೈಯ ಮೇಲೆ ಒಂದು ಚುಕ್ಕೆಯನ್ನು ಇಡುವುದು ಮಾತ್ರ ಮಕ್ಕಳ ಕರ್ತವ್ಯ. ಓದಿದ ರಸಾಯನಶಾಸ್ತ್ರವು ಹೆತ್ತವಳ ತಲೆಯನ್ನು ಕಾಯಲಾರದಾದರೆ, ಪರೀಕ್ಷೆಯಲ್ಲಿ ಅದಕ್ಕೆ ದೊರೆತ ಅಂಕಗಳಿಂದ ಏನು ಫಲ?