ಹರಿದ ರೊಟ್ಟಿ ಕಸಗೊಳ್ಳಬ್ಯಾಡ್ರಿ

ಮಕ್ಕಳಿಗೆ ಛಲ ಇರಬೇಕು, ಹಿಡಿದ ಕೆಲಸ ನಡಬರಕ ಬಿಡಬಾರದು ಅಂತ ನಾವೆಲ್ಲಾರೂ ಹೇಳತೀವಿ. ಹೇಳೂದರಾಗ ನಮ್ಮಷ್ಟು ಶಾಣ್ಯಾರು ಯಾರೂ ಇಲ್ಲ. ಆದ್ರ ಮನಿಯೊಳಗ ನಾವು ಮಾಡೂದು ಅದಕ್ಕ ಉಲ್ಟಾನ ಇರತೈತಿ. ಹುಡುಗಿ ರೊಟ್ಟಿ ಬಡಿಯಾಕ ಕುಂತಳು ಅನ್ರಿ. ಮೊದಲನೇದು ಅಂಚು ಸೀಳತೈತಿ. ಎರಡನೇದು ಹಂಚಿಗೆ ಹಾಕೂದರಾಗ ಹರೀತೈತಿ. ಮೂರನೇದರ ತನಕ ನಾವು ಬಿಡಂಗಿಲ್ಲ. "ಸರಿ ಅತ್ಲಾಗ, ಹಿಟ್ಟು ಹಾಳ ಮಾಡ್ತಿ, ಹೊತ್ತಾತು" ಅಂತ ಹಿಟ್ಟು ಕಸಗೊಂತೀವಿ. ಅವತ್ತು ಆಕಿ ರೊಟ್ಟಿ ಕಲೀಲಿಲ್ಲ. ಎರಡು ಸರತಿ ತಪ್ಪಿದ್ರ ಆ ಕೆಲಸ ತನ್ನದಲ್ಲ ಅನ್ನೂದನ್ನ ಕಲಿತಳು.

ಅದಕ್ಕ ನಾ ಅನ್ನೂದು ಇಷ್ಟ: ಮಕ್ಕಳಿಗೆ ತಾಳ್ಮಿ ಕಲಸೂಕಿಂತ ಮೊದಲ ದೊಡ್ಡೋರು ತಡಕೊಳ್ಳೂದು ಕಲೀಬೇಕು.

ಗದಗಿನ ಪುಟ್ಟರಾಜ ಗವಾಯಿಗಳ ಕಥಿ ನಾವೆಲ್ಲಾ ಮಕ್ಕಳಿಗೆ ಹೇಳತೀವಿ. 1914ರಾಗ ನಮ್ಮ ಹಾವೇರಿ ಜಿಲ್ಲಾದ ದೇವಗಿರಿಯೊಳಗ ಹುಟ್ಟಿದವರು. ಕೂಸಿದ್ದಾಗನ ಕಣ್ಣು ಹೋದುವು. ಮುಂದ ಸಂಗೀತ ಕಲಿತರು, ಹತ್ತಾರು ಪುಸ್ತಕ ಬರದರು, ವೀರೇಶ್ವರ ಪುಣ್ಯಾಶ್ರಮ ನಡಸಿದರು. 2010ರಾಗ ಪದ್ಮಭೂಷಣ ಬಂತು. ಇಷ್ಟು ಹೇಳಿ, "ನೋಡು, ಕಣ್ಣಿಲ್ಲದವರು ಅಷ್ಟು ಮಾಡಿದ್ರು, ನಿನಗ ಏನ ಧಾಡಿ?" ಅಂತ ಮುಗಸತೀವಿ. ಇದು ಅರ್ಧಾ ಕಥಿ. ಉಳಿದ ಅರ್ಧಾ ಏನಂದ್ರ, ಆ ಕೂಸಿನ ಕೈಗೆ ಹಾರ್ಮೋನಿಯಂ ಕೊಟ್ಟು ಕಲಿಸಿದ ಸೋದರಮಾವ ಒಬ್ಬರಿದ್ದರು. ಆಮ್ಯಾಲ ಕೈಹಿಡಿದವರು ಪಂಚಾಕ್ಷರಿ ಗವಾಯಿಗಳು. ಅವರೂ ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯವರು, ಅವರಿಗೂ ಕಣ್ಣಿರಲಿಲ್ಲ. ಅವರನ್ನ ಸಂಗೀತಕ್ಕ ಹಚ್ಚಿದವರು ಹಾನಗಲ್ ಕುಮಾರಸ್ವಾಮಿಗಳು. ಛಲ ಹುಡುಗನದ, ಖರೆ. ಆದ್ರ ಆ ಛಲ ಬಾಡದಂಗ ಹಿಂದ ನಿಂತವರು ಮೂರು ಮಂದಿ.

ಗಂಗೂಬಾಯಿ ಹಾನಗಲ್ ಅವರದೂ ಹಂಗ. ಸಾಲಿ ಕಲಿತದ್ದು ಸ್ವಲ್ಪ. ಹುಬ್ಬಳ್ಳಿಯಿಂದ ಕುಂದಗೋಳಕ್ಕ ರೈಲಿನ್ಯಾಗ ಹೋಗಿ ಸವಾಯಿ ಗಂಧರ್ವರ ಹತ್ರ ಒಂದ ರಾಗಾನ ದಿನಗಟ್ಟಲೆ ತಿದ್ದಿ ತಿದ್ದಿ ಕಲಿತರು. ಗಂಟಲಿನ ಚಿಕಿತ್ಸಾ ಆದ ಮ್ಯಾಲ ದನಿ ಗಡಸಾತು, ಆ ದನೀಲೇನ ಹೆಸರಾದರು. ಅವರ ಅವ್ವ ಅಂಬಾಬಾಯಿಯವರು ಕರ್ನಾಟಕ ಸಂಗೀತದವರು. ಮಗಳ ಒಲವು ಹಿಂದೂಸ್ತಾನಿ ಕಡೆ ಐತಿ ಅಂತ ತಿಳದು ಆ ದಾರಿಗೇ ಬಿಟ್ಟರು. ನಾ ಹಾಡಿದ್ದನ್ನ ನೀ ಹಾಡು ಅಂತ ಹಟ ಹಿಡೀಲಿಲ್ಲ.

"ಹೊಲಕ್ಕ ಹೋಗಬೇಕು, ಬುತ್ತಿ ಕಟ್ಟಬೇಕು, ನಿಂತು ಕಲಸಾಕ ಹೊತ್ತೆಲ್ಲೈತಿ ನಮ್ಮವ್ವಾ?" ಅಂತೀರಿ. ಖರೆ ಐತಿ. ದಿನಾ ಬ್ಯಾಡ, ಎಲ್ಲಾನೂ ಬ್ಯಾಡ. ಕಡೀ ಉಂಡಿ ಒಂದು ಆಕಿಗೆ ಬಿಡ್ರಿ. ಹರಿದ ರೊಟ್ಟಿಗೂ ಪಲ್ಯಾ ಹತ್ತತೈತಿ. ಹುಡುಗಗೂ ಅಷ್ಟ: ಕುಡಿಯೂ ನೀರು ತುಂಬೂದು ನಿಂದು ಅಂತ ಒಮ್ಮೆ ಹೇಳಿದ್ರ, ಅಂವ ಮರತಾಗ ನಾವು ತುಂಬಿ ಇಡಬಾರದು, ನೆನಪ ಮಾಡಬೇಕು. ಮತ್ತ ಮಂದಿ ಮುಂದ "ನಮ್ಮ ಹುಡುಗಗ ಗಣಿತ ಹತ್ತಂಗಿಲ್ಲ" ಅನ್ನೂದನ್ನ ಬಿಡಬೇಕು. ಯಾವ ಲೆಕ್ಕ ತಿಳೀವಲ್ದು ಅಂತ ಕೇಳ್ರಿ. ಫಲಕದ ಮ್ಯಾಲಿನ ಅಕ್ಷರ ಕಾಣದ ಕೂಸಿಗೆ ಛಲದ ಉಪದೇಶ ಮಾಡಿದ್ರ ಏನ ಬಂತು? ಅದಕ್ಕ ಬೇಕಾದ್ದು ಚಸ್ಮಾ.

ಈಗ ಹೇಳಲೇಬೇಕಾದ ಮಾತು. ಹತ್ತನೇತ್ತ್ಯಾಗ ಒಂದು ವಿಷಯ ಹೋತಂದ್ರ ಗಂಡಹುಡುಗಗ ಟ್ಯೂಷನ್ ಹಚ್ಚತೀವಿ. ಹೆಣ್ಣಹುಡುಗಿದು ಹೋತಂದ್ರ "ಸಾಕಬಿಡು, ಕಲ್ತು ಏನ ಮಾಡೋದೈತಿ" ಅಂತ ವರಾ ನೋಡಾಕ ಸುರು. ಹದಿನಾರರ ಕೂಸದು, ಹದಿನೆಂಟು ತುಂಬೂತನ ಕಾಯ್ದೆನೂ ಒಪ್ಪಂಗಿಲ್ಲ. ಬಿದ್ರ ಎದ್ದು ನಿಲ್ಲಬೇಕು ಅಂತ ಹತ್ತು ವರ್ಷ ಹೇಳಿದ ಬಾಯೀಲೇನ, ಆಕಿ ಮೊದಲನೇ ಸಲ ಬಿದ್ದಾಗ ಅಲ್ಲೇ ಕುಂಡರಸತೀವಿ. ಇಂಥಾದ್ದಕ್ಕ ಬುದ್ಧಿ ಕಲಸೂದು ಅಂತಾರೇನು?

2024ರಾಗ ನಮ್ಮ ರಾಜ್ಯದಾಗ ಎಸ್ಸೆಸ್ಸೆಲ್ಸಿಗೆ ವರ್ಷಕ್ಕ ಮೂರು ಪರೀಕ್ಷೆ ಸುರು ಮಾಡಿದ್ರು. ಮೊದಲನೇದರಾಗ ಹೋದವರು ಎರಡನೇದು ಬರೀಬಹುದು. ಸರಕಾರನ ಇನ್ನೊಂದು ಸರತಿ ಕೊಡೂವಾಗ ಹಡದವರು ಒಂದಕ್ಕ ಯಾಕ ನಿಲ್ಲಸಬೇಕು? ಫಲಿತಾಂಶದ ದಿನ ನಿಮ್ಮ ಓಣ್ಯಾಗ ಯಾವುದರ ಹುಡುಗಿ ಮಾರಿ ಮುಚಗೊಂಡು ಕುಂತಿದ್ರ, ಎಷ್ಟು ಬಿದ್ದಾವು ಅಂತ ಕೇಳಾಕ ಹೋಗಬ್ಯಾಡ್ರಿ. ಪರೀಕ್ಷೆ-2ಕ್ಕ ಹೆಸರು ಹಚ್ಚಾಕ ಕಡೀ ದಿನ ಯಾವಾಗ ಐತಿ ಅಂತ ಆಕಿ ಅವ್ವನ್ನ ಕೇಳ್ರಿ. ಬುದ್ಧಿಮಾತು ಆಮ್ಯಾಲ ಹೇಳಿದ್ರಾತು.